ಕೀಲಿಕೈ

ಹಟ್ಟಿ ಕ್ಯಾಂಪಿನಾಗ ರಾತ್ರಿ ಸಪ್ಪಳ ಹೊಸದಲ್ಲ.
ಮಿಲ್ಲು ಕಲ್ಲು ಅಗಿಯೋದು,
ನೆಲದಡಿ ಮದ್ದು ಹಾರಿದಾಗ
ಗೂಡಿನ್ಯಾಗಿನ ಸ್ಟೀಲ್ ಲೋಟ ಒಂದಕ್ಕೊಂದು ತಾಕೋದು,
ಬೇವಿನ ಗಿಡದ ಕೆಳಗ ನಾಯಿ ಮೈ ಕೆರಕೊಳ್ಳೋದು,
ಇವೆಲ್ಲ ನನ್ನ ನಿದ್ದಿಗೆ ಪರಿಚಯದವು.
ಬರ್ತಾವ, ಹೋಗ್ತಾವ, ಎಬ್ಬಿಸೂದಿಲ್ಲ.

ಅವತ್ತು ಎಬ್ಬಿಸಿದ್ದು ಭಾಳ ಸಣ್ಣದು.
ಕಬ್ಬಿಣಕ್ಕ ಕಬ್ಬಿಣ.
ತಲಿಬಾಗಿಲ ಕೀಲಿಯ ತೂತಿನ್ಯಾಗ
ಯಾರೋ ಏನೋ ಹುಡುಕಿಧಂಗ.

ಎರಡೂ ಕಾಲು. ಅಮರೇಶಂದು ರಾತ್ರಿಪಾಳಿ,
ಎರಡು ಸಾವಿರ ಅಡಿ ಕೆಳಗ, ಫೋನು ಹತ್ತಲಾರದ ಕಡೆ.
ಮಗಳು ಗ್ವಾಡಿಗೆ ಮುಖ ಮಾಡಿ ಮಲಗಿತ್ತು.

ಮೊದ್ಲ ನೆನಪಾದದ್ದು ಮಂಚದ ಕೆಳಗಿನ ಕೊಡ್ಲಿ.
ಆಮ್ಯಾಲೆ ಆರನೇ ಲೈನಿನ ದ್ಯಾವಣ್ಣ.
ಇಂಥದ ಸಪ್ಪಳಕ್ಕ ಕೊಡ್ಲಿ ಹಿಡದು ಹೊರಗ ಓಡಿ
ಕತ್ತಲದಾಗ ಸ್ವಂತ ತಮ್ಮನ ಭುಜಕ್ಕ ಹಾಕಿದ್ದ.
ಹದಿನೇಳು ಹೊಲಿಗಿ.
ಈಗೂ ಅಣ್ಣತಮ್ಮ ಒಂದೇ ಬಸ್ಸಿನಾಗ ಹೋಗ್ತಾರ,
ಒಬ್ಬ ಮುಂದ, ಒಬ್ಬ ಹಿಂದ.

ಕೊಡ್ಲಿ ಇದ್ದಲ್ಲೇ ಇರ್ಲಿ ಅಂದೆ.
ಒಳಗಿನ ಲೈಟು ಹಚ್ಚಲಿಲ್ಲ:
ಹಚ್ಚಿದ್ರ ಅವ್ರಿಗೆ ನಾ ಕಾಣ್ತೀನಿ, ನನಗ ಅವ್ರು ಕಾಣೂದಿಲ್ಲ.
ಬರಿಗಾಲಾಗ ಹೋಗಿ ಹೊರಗಿನ ಬಲ್ಬಿನ ಬಟನ್ ಒತ್ತಿದೆ.
ಸಪ್ಪಳ ಉಸಿರು ಹಿಡೀತು.
ಮಾಬುನ್ನಿಗೆ ಎರಡು ರಿಂಗ್, ಕಟ್, ಮತ್ತ ಎರಡು.
ಹೋದ ರಂಜಾನಿನಾಗ ಮಾಡ್ಕೊಂಡ ಕರಾರದು,
ಸಹರಿಗೆ ಅಕಿ ಏಳದಿದ್ರ ನಾ ಹಿಂಗ ಎಬ್ಬಿಸ್ತಿದ್ದೆ.
ಗೇಟಿನ ಸೆಕ್ಯುರಿಟಿಗೂ ಹಚ್ಚಿದೆ. ಯಾವ ನಂಬರ್ ಮನಿ?
ನೂರಾ ನಲವತ್ತಾರು.
ಹೇಳಿದ ದನಿ ನನ್ನದಿರಲಿಲ್ಲ.

ಆಗ ಕೀಲಿ ತಿರುಗಿತು.
ಖರೇ. ನಾ ನೋಡ್ಕೋಂತ ನಿಂತಾಗ
ಕಂಪನಿ ಕೀಲಿ, ಇಪ್ಪತ್ತು ವರ್ಷದ್ದು,
ತನ್ನವರ ಗುರುತು ಹತ್ತಿಧಂಗ
ಟಕ್ ಅಂತ ತಿರುಗಿತು.
ಬಾಗಿಲು ಒಂದು ಬೊಟ್ಟು ಒಳಗ ಬಂದು
ಚಿಲಕಕ್ಕ ತಾಕಿ ನಿಂತಿತು.
ದೇವರು ದೊಡ್ಡವ ಅಂತಾರ.
ಆ ಹೊತ್ತಿಗೆ ಚಿಲಕ ದೊಡ್ಡದಿತ್ತು.

"ಯಂಕಮ್ಮಾ," ಅಂತು ಹೊರಗಿನ ದನಿ,
"ಪಾಳಿ ಮುಗೀತು. ತೆಗಿ."

ಕಿಟಕಿ ಮೂಲಿಯಿಂದ ನೋಡಿದೆ.
ಮುದುಕ. ಒಂದ ಕಾಲಾಗ ಚಪ್ಪಲಿ.
ತಲಿ ಮ್ಯಾಲೆ ಲೈಟಿಲ್ಲದ ಹೆಲ್ಮೆಟ್ಟು,
ಕೈಯಾಗ ಬುತ್ತಿ ಡಬ್ಬಿ,
ಬಲ್ಬಿನ ಹುಳ ಅವನ ಕಿವಿ ಸುತ್ತ.

ನನ್ನ ಕೈ ಚಿಲಕದ ತನಕ ಹೋತು, ಸುಳ್ಳ್ಯಾಕ ಹೇಳ್ಲಿ.
ಹೋಗಿ, ಅಲ್ಲೇ ನಿಂತಿತು.
ಮುದುಕನ ಹಿಂದ ಕತ್ತಲಿತ್ತು.
ಕತ್ತಲದಾಗ ಯಾರರ ಇದ್ರೋ, ಇರಲಿಲ್ಲೋ.

"ಕಟ್ಟಿ ಮ್ಯಾಲೆ ಕುಂದರ್ರೀ, ನೀರು ಕೊಡ್ತೀನಿ."
ಸರಳಿನ ಸಂದಿಗೆ ಲೋಟ ಹಿಡಿಸಲಿಲ್ಲ.
ಮಗಳ ಸಾಲಿ ಬಾಟ್ಲಿ ಹೊರಗ ಚಾಚಿದೆ.
ಕುಡದ. ಮುಚ್ಚಳ ಬಿಗಿಯಾಗಿ ತಿರುವಿ ವಾಪಸ್ ಕೊಟ್ಟ.
"ಇವತ್ತು ಕಲ್ಲು ಭಾಳ ಗಟ್ಟಿ ಇತ್ತು."
"ಹೌದ್ರೀ?" ಅಂದೆ.
ಬ್ಯಾರೆ ಏನನ್ನಲಿ.

ಮಾಬುನ್ನಿ ತನ್ನ ಕಿಟಕಿಯಿಂದ ಟಾರ್ಚ್ ಬಿಟ್ಟಳು.
"ಪಾಮಣ್ಣಜ್ಜ! ನಿಮಗಿಂತ ಮೊದ್ಲ ಆ ಮನ್ಯಾಗ ಇದ್ದವ್ನು.
ಯಂಕಮ್ಮ ತೀರಿ ಐದು ವರ್ಷ. ಆದ್ರೂ ನೀ ತೆಗೀಬ್ಯಾಡ,
ಜೀಪು ಬರ್ಲಿ."
ಜೀಪು ಬಂತು, ಅದರಾಗ ಅವನ ಮಗಳು,
ಕೈಯಾಗ ಇನ್ನೊಂದು ಚಪ್ಪಲಿ.
ಆಗ ತೆಗೆದೆ.

ಮರುದಿನ ಲಿಂಗಸುಗೂರಿನಿಂದ ಬಡಿಗೇರನ ಕರಸಿ
ಹೊಸ ಕೀಲಿ ಕೂಡ್ಸಿದ್ವಿ.
ಹಳೇದನ್ನ ಅಮರೇಶ ಗುಜರಿ ಚೀಲಕ್ಕ ಹಾಕಿದ್ದ.
ತೆಗೆದು, ಒರಸಿ, ಎರಡು ಹನಿ ಎಣ್ಣಿ ಬಿಟ್ಟು
ಪಾಮಣ್ಣಜ್ಜನ ಮಗಳಿಗೆ ಕೊಟ್ಟು ಬಂದೆ.
ಸಂಜೀಕ ಹಾಕ್ತಾನಂತ, ತೆಗೀತಾನಂತ.
ಒಮ್ಮೊಮ್ಮೆ ಅದನ್ನ ಬೈತಾನಂತ.

ನಿನ್ನೆ ರಾತ್ರಿ ಮತ್ತ ಸಪ್ಪಳ.
ಹೊರಗಿನ ಬಲ್ಬು. ಕಿಟಕಿ ಮೂಲಿ.
ಬೆಕ್ಕು, ಹಾಲಿನ ಪಾಕೀಟಿನಾಗ ತಲಿ ಸಿಗಿಸ್ಕೊಂಡು
ಹಿಂದಹಿಂದಕ್ಕ ನಡೀಲಿಕ್ಕೆ ಹತ್ತಿತ್ತು.
ನಗು ಬಂತು. ಪಾಪ ಅನ್ನಿಸ್ತು.
ಚಿಲಕ ಮಾತ್ರ ತೆಗೀಲಿಲ್ಲ.